ಮನೆಯಿಂದ ಆಫೀಸ್ ಕಂಪ್ಯೂಟರ್‌ಗೆ: ಪೋರ್ಟ್ ನಂಬರ್ ಬದಲಾಯಿಸಿದರೆ ಸಾಕಾ?

ಪ್ರಶ್ನೆ: ನಾನು ಡೊಂಬಿವಲಿಯವಳು. ಮುಂಬೈಯ ಮಸ್ಜಿದ್ ಬಂದರಿನ ಒಂದು ಕ್ಲಿಯರಿಂಗ್ ಅಂಡ್ ಫಾರ್ವರ್ಡಿಂಗ್ ಆಫೀಸಿನಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ಹನ್ನೆರಡು ಜನರ ಆಫೀಸು, ಸೇಠ್ ಕುಂದಾಪುರದ ಕಡೆಯವರು. ಮಳೆಗಾಲದಲ್ಲಿ ಲೋಕಲ್ ರೈಲು ನಿಂತರೂ ಟ್ಯಾಲಿ ಮತ್ತು ಕಸ್ಟಮ್ಸ್ ಕೆಲಸ ನಿಲ್ಲಬಾರದು ಅಂತ ನಮ್ಮ ಕಂಪ್ಯೂಟರ್‌ನವರು ರೌಟರ್‌ನಲ್ಲಿ ಪೋರ್ಟ್ ಓಪನ್ ಮಾಡಿಕೊಟ್ಟಿದ್ದಾರೆ. ಐದಾರು ಜನ ಒಂದೇ ಯೂಸರ್‌ನೇಮ್ ಹಾಕಿ, ಒಂದೇ ಪಿಸಿಗೆ, ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಹೋಗುತ್ತೇವೆ. ಡಿಜಿಟಲ್ ಸಹಿ ಹಾಕಲು ಮಾತ್ರ ಎನಿಡೆಸ್ಕ್ ಅನ್ನುವ ಇನ್ನೊಂದು ರಿಮೋಟ್ ಆ್ಯಪ್. ಕಳೆದ ವಾರದಿಂದ ಬೆಳಿಗ್ಗೆ ಲಾಗಿನ್ ಮಾಡಲು ಹೋದರೆ ‘ಅಕೌಂಟ್ ಲಾಕ್ ಆಗಿದೆ’ ಅನ್ನುತ್ತದೆ. ಯಾರೂ ತಪ್ಪು ಪಾಸ್‌ವರ್ಡ್ ಹಾಕಿಲ್ಲ. ಪೋರ್ಟ್ ನಂಬರ್ ಬದಲಾಯಿಸಿದರೆ ಸರಿಹೋಗುತ್ತದೆ ಅನ್ನುತ್ತಾರೆ ಕಂಪ್ಯೂಟರ್‌ನವರು. ವಿಪಿಎನ್ ತಗೊಳ್ಳೋಣವಾ, ಇಲ್ಲ ಮನೆಯಿಂದ ಕೆಲಸವನ್ನೇ ಬಂದ್ ಮಾಡೋಣವಾ ಅಂತ ಸೇಠ್ ಕೇಳುತ್ತಿದ್ದಾರೆ. ಏನು ಮಾಡಬೇಕು?

ಉತ್ತರ: ಇದನ್ನು ಪೂರ್ತಿ ಓದುವ ಮೊದಲೇ ಒಂದು ಕೆಲಸ ಮಾಡಿಸಿ. ರೌಟರ್‌ನಲ್ಲಿ ತೆರೆದಿರುವ ಆ ಪೋರ್ಟನ್ನು, ಅಂದರೆ ಇಂಟರ್ನೆಟ್‌ನಿಂದ ಆಫೀಸಿನೊಳಗೆ ಬರುವ ನಂಬರ್ ಹಾಕಿದ ಬಾಗಿಲನ್ನು, ಇವತ್ತೇ ಮುಚ್ಚಿಸಿ. ರೌಟರ್‌ನ ಸೆಟ್ಟಿಂಗ್ಸ್ ಪುಟದಲ್ಲಿ ‘ಪೋರ್ಟ್ ಫಾರ್ವರ್ಡಿಂಗ್’ ಅಥವಾ ‘ವರ್ಚುವಲ್ ಸರ್ವರ್’ ಅಂತ ಇರುತ್ತದೆ. ಅಲ್ಲಿ 3389 (ರಿಮೋಟ್ ಡೆಸ್ಕ್‌ಟಾಪ್‌ನ ಮಾಮೂಲಿ ಪೋರ್ಟ್ ನಂಬರ್) ಅಂತ ಬರೆದ ಸಾಲನ್ನು ಅಳಿಸಬೇಕು. ಎರಡು ಮೂರು ದಿನ ಮನೆಯಿಂದ ಕೆಲಸ ನಿಂತರೆ ನಿಲ್ಲಲಿ. ಬೇರೆ ದಾರಿ ಮಾಡಿಕೊಳ್ಳಲು ಅಷ್ಟು ದಿನ ಸಾಕು.

ಮುಚ್ಚಿದ್ದೇನೆ ಅಂತ ಕಂಪ್ಯೂಟರ್‌ನವರು ಹೇಳಿದ ಮೇಲೆ ನೀವೇ ಒಮ್ಮೆ ಪರೀಕ್ಷೆ ಮಾಡಿ. ಮೊಬೈಲ್‌ನ ವೈಫೈ ಆಫ್ ಮಾಡಿ, ಬರೀ ಮೊಬೈಲ್ ಡೇಟಾದಲ್ಲಿ ರಿಮೋಟ್ ಡೆಸ್ಕ್‌ಟಾಪ್ ಆ್ಯಪ್ ತೆರೆದು ಮೊದಲಿನ ವಿಳಾಸಕ್ಕೇ ಕನೆಕ್ಟ್ ಮಾಡಿ. ಸುತ್ತಿ ಸುತ್ತಿ ಕೊನೆಗೆ ಆಗಲಿಲ್ಲ ಅಂದರೆ ಮುಚ್ಚಿದೆ. ಆಫೀಸಿನ ಪಿಸಿ ಉತ್ತರ ಕೊಟ್ಟರೆ ಇನ್ನೂ ತೆರೆದಿದೆ. ನಿಮಗೆ ಉತ್ತರ ಕೊಡುವ ಪಿಸಿ ಜಗತ್ತಿನಲ್ಲಿ ಯಾರಿಗೆ ಬೇಕಾದರೂ ಉತ್ತರ ಕೊಡುತ್ತದೆ.

ಈಗ ಖಾತೆ ಯಾಕೆ ಲಾಕ್ ಆಗುತ್ತಿದೆ ಅನ್ನುವುದು. ತೆರೆದ ಪೋರ್ಟ್ ಹುಡುಕುವ ಪ್ರೋಗ್ರಾಮ್‌ಗಳು ಇಂಟರ್ನೆಟ್‌ನಲ್ಲಿ ಹಗಲೂ ರಾತ್ರಿ ಓಡುತ್ತಿರುತ್ತವೆ. ‘ನಮ್ಮಂಥ ಸಣ್ಣ ಆಫೀಸಿಗೆ ಯಾರು ಬರುತ್ತಾರೆ’ ಅನ್ನುವ ಮಾತನ್ನು ನಾನು ತುಂಬ ಕಡೆ ಕೇಳಿದ್ದೇನೆ. ಯಾರೂ ನಿಮ್ಮನ್ನು ಆರಿಸಿಕೊಂಡು ಬಂದಿಲ್ಲ. ಐಪಿ ವಿಳಾಸಗಳನ್ನು (ಇಂಟರ್ನೆಟ್ ಕನೆಕ್ಷನ್‌ಗಳ ವಿಳಾಸದ ನಂಬರ್‌ಗಳು) ಒಂದಾದ ಮೇಲೆ ಒಂದು ಪ್ರಯತ್ನಿಸುತ್ತಾ ಹೋದಾಗ ನಿಮ್ಮದು ಉತ್ತರ ಕೊಟ್ಟಿದೆ, ಅಷ್ಟೇ. ಉತ್ತರ ಸಿಕ್ಕ ಕಡೆ ಪಾಸ್‌ವರ್ಡ್ ಊಹಿಸುವ ಕೆಲಸ ಶುರುವಾಗುತ್ತದೆ. ವಿಂಡೋಸ್ 11ರ ಈಚಿನ ಆವೃತ್ತಿ ಹೊಸದಾಗಿ ಹಾಕಿದ್ದರೆ, ಹತ್ತು ಸಲ ತಪ್ಪು ಪಾಸ್‌ವರ್ಡ್ ಬಂದಾಗ ಖಾತೆ ಹತ್ತು ನಿಮಿಷ ತಾನಾಗಿಯೇ ಲಾಕ್ ಆಗುತ್ತದೆ. ಬೆಳಿಗ್ಗೆ ನಿಮಗೆ ಕಾಣುತ್ತಿರುವುದು ಬಹುತೇಕ ಇದೇ.

ಇದರಲ್ಲಿ ಒಂದು ಸೂಕ್ಷ್ಮ ಇದೆ. ಇಲ್ಲದ ಯೂಸರ್‌ನೇಮ್ ಹಾಕಿ ಸಾವಿರ ಸಲ ಪ್ರಯತ್ನಿಸಿದರೂ ನಿಮ್ಮ ಖಾತೆ ಲಾಕ್ ಆಗುವುದಿಲ್ಲ. ನಿಮ್ಮ ಖಾತೆಯೇ ಲಾಕ್ ಆಗುತ್ತಿದೆ ಅಂದರೆ ಸರಿಯಾದ ಯೂಸರ್‌ನೇಮ್ ದಾಳಿಕೋರರಿಗೆ ಸಿಕ್ಕಿದೆ. ಇನ್ನು ಉಳಿದಿರುವುದು ಪಾಸ್‌ವರ್ಡ್ ಒಂದೇ. ಅದು ಆಫೀಸಿನ ಹೆಸರು, ಆಮೇಲೆ ಒಂದು ಅಟ್ ಚಿಹ್ನೆ, ಆಮೇಲೆ 123 ಅಂತ ಇದ್ದರೆ ದಯವಿಟ್ಟು ಈಗಲೇ ಬದಲಾಯಿಸಿ. ದೇವರ ಹೆಸರು, ಇಸವಿ ಸೇರಿಸಿದ್ದೂ ಅದೇ ಜಾತಿಯದು. ಊಹಿಸುವವರ ಪಟ್ಟಿಯಲ್ಲಿ ಇಂಥವೇ ಮೊದಲು ಇರುತ್ತವೆ.

ಅವರು ಒಳಗೆ ಬಂದುಬಿಟ್ಟಿದ್ದಾರಾ? ಇದನ್ನು ತಿಳಿಯದೆ ಮುಂದೆ ಹೋಗಬಾರದು. ಆ ಪಿಸಿಯ ಮುಂದೆ ಕೂತು, ಸ್ಟಾರ್ಟ್ ಮೆನುವಿನಲ್ಲಿ ‘ಇವೆಂಟ್ ವ್ಯೂವರ್’ ಅಂತ ಹುಡುಕಿ ತೆರೆಯಿರಿ. ಎಡಗಡೆ ‘ವಿಂಡೋಸ್ ಲಾಗ್ಸ್’, ಅದರ ಕೆಳಗೆ ‘ಸೆಕ್ಯುರಿಟಿ’. ಏನನ್ನೂ ನೋಡುವ ಮೊದಲು ಆ ಲಾಗನ್ನು ಒಂದು ಪೆನ್ ಡ್ರೈವ್‌ಗೆ ಉಳಿಸಿಕೊಳ್ಳಿ. ಯಾಕೆ ಅಂದರೆ ಈ ಲಾಗ್‌ಗೆ ವಿಂಡೋಸ್ ಸಾಮಾನ್ಯವಾಗಿ ಕೊಡುವ ಜಾಗ 20 ಎಂಬಿ ಮಾತ್ರ. ತಪ್ಪು ಪ್ರಯತ್ನಗಳು ಧಾರೆಯಾಗಿ ಬರುತ್ತಿದ್ದರೆ ಹಳೆಯ ಸಾಲುಗಳು ಬೇಗ ಅಳಿಸಿಹೋಗುತ್ತವೆ.

ಆಮೇಲೆ ಬಲಗಡೆ ‘ಫಿಲ್ಟರ್ ಕರೆಂಟ್ ಲಾಗ್’ ಒತ್ತಿ, 4625 ಅಂತ ಹಾಕಿ. ಇದು ಸೋತ ಲಾಗಿನ್‌ಗಳ ನಂಬರ್. ಸಾಲುಸಾಲಾಗಿ ಬರುತ್ತವೆ, ನಡುವೆ ಕೆಲವೇ ಸೆಕೆಂಡುಗಳ ಅಂತರ. ಒಂದನ್ನು ತೆರೆದರೆ ಯಾವ ಹೆಸರು ಹಾಕಿದರು, ಯಾವ ವಿಳಾಸದಿಂದ ಬಂದರು ಅಂತ ಕಾಣುತ್ತದೆ. ಅಡ್ಮಿನಿಸ್ಟ್ರೇಟರ್, ಅಡ್ಮಿನ್, ಯೂಸರ್, ಟೆಸ್ಟ್ ಹೀಗೆ ಹೆಸರುಗಳು ಬದಲಾಗುತ್ತಾ ಹೋಗುತ್ತವೆ. ನಡುನಡುವೆ ನಿಮ್ಮ ಆಫೀಸಿನ ಯೂಸರ್‌ನೇಮ್ ಕೂಡ ಕಾಣಬಹುದು. ಇದನ್ನು ಸೇಠ್‌ಗೆ ಒಮ್ಮೆ ತೋರಿಸಿ. ನಾನು ನಾಲ್ಕು ಪುಟ ಬರೆದು ಹೇಳುವುದನ್ನು ಆ ಪರದೆ ಒಂದು ನಿಮಿಷದಲ್ಲಿ ಹೇಳುತ್ತದೆ.

ಆದರೆ ನಿಮಗೆ ಬೇಕಾಗಿರುವುದು ಸೋತವರ ಲೆಕ್ಕವಲ್ಲ, ಗೆದ್ದವರದು. ಅದಕ್ಕೆ ಇನ್ನೊಂದು ಜಾಗ ಇದೆ, ಕಂಪ್ಯೂಟರ್‌ನವರಲ್ಲೂ ಅನೇಕರು ಅಲ್ಲಿ ನೋಡುವುದಿಲ್ಲ. ‘ಅಪ್ಲಿಕೇಶನ್ಸ್ ಅಂಡ್ ಸರ್ವಿಸಸ್ ಲಾಗ್ಸ್’ ಒಳಗೆ ಮೈಕ್ರೋಸಾಫ್ಟ್, ವಿಂಡೋಸ್, ಆಮೇಲೆ ‘ಟರ್ಮಿನಲ್ ಸರ್ವಿಸಸ್ ಲೋಕಲ್ ಸೆಷನ್ ಮ್ಯಾನೇಜರ್’. ಇಲ್ಲಿ ನಿಜವಾಗಿ ಒಳಗೆ ಬಂದ ಸೆಷನ್‌ಗಳು ಮಾತ್ರ ದಾಖಲಾಗುತ್ತವೆ. ಸೋತ ಪ್ರಯತ್ನಗಳ ಕಸ ಇಲ್ಲಿ ಸೇರುವುದಿಲ್ಲ, ಹಾಗಾಗಿ ಹಳೆಯ ದಿನಗಳದ್ದೂ ಉಳಿದಿರುತ್ತದೆ. 21 ಅಂದರೆ ಹೊಸ ಲಾಗಿನ್, 25 ಅಂದರೆ ಬಿಟ್ಟುಹೋದ ಸೆಷನ್‌ಗೆ ಮತ್ತೆ ಬಂದದ್ದು. ಪ್ರತಿ ಸಾಲಿನಲ್ಲೂ ಹೊತ್ತು ಮತ್ತು ಬಂದ ವಿಳಾಸ ಇರುತ್ತದೆ. ರಾತ್ರಿ ಮೂರು ಗಂಟೆಗೆ ನಿಮ್ಮಲ್ಲಿ ಯಾರಾದರೂ ಕೆಲಸ ಮಾಡಿದ್ದರಾ? ಭಾನುವಾರ? ಗೊತ್ತಿಲ್ಲದ ವಿಳಾಸ ಇದೆಯಾ? ಜೊತೆಗೆ ಸೆಕ್ಯುರಿಟಿ ಲಾಗ್‌ನಲ್ಲಿ 4720 ಮತ್ತು 1102 ಇವೆರಡನ್ನೂ ಹುಡುಕಿ. ಮೊದಲನೆಯದು ಹೊಸ ಖಾತೆ ತೆರೆದದ್ದಕ್ಕೆ, ಎರಡನೆಯದು ಲಾಗನ್ನೇ ಅಳಿಸಿದ್ದಕ್ಕೆ. ನಿಮ್ಮವರು ಯಾರೂ ಮಾಡದೆ ಇವು ಬಂದಿದ್ದರೆ ವಿಷಯ ಗಂಭೀರ.

ಹಾಗೇನಾದರೂ ಕಂಡರೆ ಪಿಸಿಯ ನೆಟ್‌ವರ್ಕ್ ಕೇಬಲ್ ಕಿತ್ತುಬಿಡಿ, ವೈಫೈ ಇದ್ದರೆ ಅದನ್ನೂ ಆಫ್ ಮಾಡಿ. ಪಿಸಿಯನ್ನು ಆರಿಸಬೇಡಿ, ‘ಸುಮ್ನೆ ಫಾರ್ಮ್ಯಾಟ್ ಮಾಡಿಬಿಡೋಣ’ ಅನ್ನುವವರ ಕೈಗೂ ಕೊಡಬೇಡಿ. ಏನು ನಡೆಯಿತು ಅನ್ನುವ ಸುಳಿವೆಲ್ಲ ಅದರಲ್ಲೇ ಇರುತ್ತದೆ. ಬ್ಯಾಂಕ್, ಮೇಲ್, ಐಸ್‌ಗೇಟ್ (ಕಸ್ಟಮ್ಸ್‌ನ ಆನ್‌ಲೈನ್ ಪೋರ್ಟಲ್), ಜಿಎಸ್‌ಟಿ ಪಾಸ್‌ವರ್ಡ್‌ಗಳನ್ನು ಬೇರೆ ಕಂಪ್ಯೂಟರ್‌ನಿಂದ ಬದಲಾಯಿಸಿ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಬೇಗ ತಿಳಿಸಿದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಜಾಸ್ತಿ. ಇನ್ನೊಂದು, ಸಣ್ಣ ಆಫೀಸಿನವರಿಗೆ ಗೊತ್ತೇ ಇರದ ವಿಷಯ: ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆ 28 ಏಪ್ರಿಲ್ 2022ರಂದು ಹೊರಡಿಸಿದ ನಿರ್ದೇಶನದ ಪ್ರಕಾರ, ಇಂಥ ಅಕ್ರಮ ಪ್ರವೇಶ ಗಮನಕ್ಕೆ ಬಂದ 6 ಗಂಟೆಯೊಳಗೆ ಅವರಿಗೆ ತಿಳಿಸಬೇಕು. ಲಾಗ್‌ಗಳನ್ನು 180 ದಿನ ಇಟ್ಟುಕೊಳ್ಳಬೇಕು ಅಂತಲೂ ಅದರಲ್ಲೇ ಇದೆ. ಆ 20 ಎಂಬಿಯನ್ನು ಹೆಚ್ಚಿಸಿ ಅಂತ ನಿಮ್ಮವರಿಗೆ ಹೇಳಲು ಇದೂ ಒಂದು ಕಾರಣ.

ಏನೂ ಕಾಣದಿದ್ದರೆ ನೆಮ್ಮದಿ. ಹಾಗಂತ ಆ ಪೋರ್ಟ್ ಮತ್ತೆ ತೆರೆಯುವ ಮಾತು ಬೇಡ.

ಪೋರ್ಟ್ ನಂಬರ್ ಬದಲಾಯಿಸುವ ಸಲಹೆ ಬಗ್ಗೆ. 3389 ಬದಲು 50001 ಅಂತ ಇಟ್ಟರೆ ಒಂದೆರಡು ವಾರ ಗಲಾಟೆ ಕಡಿಮೆ ಆಗಬಹುದು. ಖಾತೆ ಲಾಕ್ ಆಗುವುದು ನಿಂತಾಗ ಎಲ್ಲ ಸರಿಹೋಯಿತು ಅನ್ನಿಸುತ್ತದೆ. ಆದರೆ ಒಟ್ಟು ಪೋರ್ಟ್‌ಗಳು 65,535. ಒಂದು ವಿಳಾಸದ ಅಷ್ಟನ್ನೂ ಹುಡುಕುವುದು ಇವತ್ತಿನ ಪ್ರೋಗ್ರಾಮ್‌ಗಳಿಗೆ ದೊಡ್ಡ ಕೆಲಸವಲ್ಲ. ಯಾವ ನಂಬರ್‌ನಲ್ಲಿದ್ದರೂ ‘ನಾನು ರಿಮೋಟ್ ಡೆಸ್ಕ್‌ಟಾಪ್’ ಅಂತ ಅದು ತಾನೇ ಹೇಳಿಕೊಳ್ಳುತ್ತದೆ. ನಿಮ್ಮ ಕಂಪ್ಯೂಟರ್‌ನವರು ಕೆಟ್ಟ ಉದ್ದೇಶದಿಂದ ಹೇಳಿಲ್ಲ, ಹಿಂದೆ ಇದು ಸ್ವಲ್ಪ ಮಟ್ಟಿಗೆ ಕೆಲಸ ಮಾಡುತ್ತಿತ್ತು. ಈಗ ಇದನ್ನು ನೆಚ್ಚಿಕೊಳ್ಳುವ ಹಾಗಿಲ್ಲ.

ಪಾಸ್‌ವರ್ಡ್ ಗಟ್ಟಿ ಇದ್ದರೆ ಸಾಲದಾ ಅಂತ ಕೇಳಬಹುದು. ಮೇ 2019ರಲ್ಲಿ ಮೈಕ್ರೋಸಾಫ್ಟ್ ರಿಮೋಟ್ ಡೆಸ್ಕ್‌ಟಾಪ್‌ನ ಒಂದು ದೋಷಕ್ಕೆ ತೇಪೆ (ದೋಷ ಸರಿಪಡಿಸುವ ಅಪ್‌ಡೇಟ್) ಕೊಟ್ಟಿತು. ಬ್ಲೂಕೀಪ್ ಅಂತ ಅದಕ್ಕೆ ಹೆಸರು ಬಿತ್ತು. ಅದರಲ್ಲಿ ಪಾಸ್‌ವರ್ಡ್ ಇಲ್ಲದೆಯೇ ಒಳಗೆ ಬರಬಹುದಿತ್ತು. ಎಷ್ಟು ಗಾಬರಿ ಆಗಿತ್ತೆಂದರೆ, ಬೆಂಬಲ ಮುಗಿದು ಐದು ವರ್ಷವಾಗಿದ್ದ ವಿಂಡೋಸ್ ಎಕ್ಸ್‌ಪಿಗೂ ಅವರು ತೇಪೆ ಬಿಡುಗಡೆ ಮಾಡಿದರು. ಲಾಗಿನ್ ಪರದೆಯನ್ನೇ ಹೊರಗಿನವರಿಗೆ ಕಾಣಿಸಬಾರದು ಅಂತ ನಾನು ಹಟ ಹಿಡಿಯುವುದು ಇದಕ್ಕೇ.

ನಿಮ್ಮ ಪತ್ರದಲ್ಲಿ ಇನ್ನೊಂದು ಸಾಲು ನನಗೆ ಚುಚ್ಚಿತು. ಐದಾರು ಜನ ಒಂದೇ ಪಿಸಿಗೆ ಹೋಗುತ್ತೇವೆ ಅಂದಿದ್ದೀರಿ. ಎಲ್ಲರೂ ಒಟ್ಟೊಟ್ಟಿಗೇನಾ? ಸಾಮಾನ್ಯ ವಿಂಡೋಸ್ ಪ್ರೊ ಒಂದು ಹೊತ್ತಿಗೆ ಒಬ್ಬರನ್ನು ಮಾತ್ರ ಬಿಡುತ್ತದೆ. ಒಟ್ಟಿಗೆ ಹೋಗಲು ಆಗುತ್ತಿದೆ ಅಂದರೆ, ಒಂದೋ ಅದು ಲೈಸೆನ್ಸ್ ಕೊಂಡ ವಿಂಡೋಸ್ ಸರ್ವರ್ ಆಗಿರಬೇಕು, ಇಲ್ಲವೇ ಯಾರೋ ವಿಂಡೋಸ್‌ನ ಫೈಲ್ ತಿದ್ದಿ ‘ಪ್ಯಾಚ್’ ಹಾಕಿರಬೇಕು. ಈ ಪ್ಯಾಚ್ ಮುಂಬೈ, ಪುಣೆಯ ಸಣ್ಣ ಆಫೀಸುಗಳಲ್ಲಿ ಧಾರಾಳವಾಗಿ ಕಾಣುತ್ತದೆ. ಲೈಸೆನ್ಸ್ ವಿಷಯ ಒಂದು ಕಡೆ ಇರಲಿ. ವಿಂಡೋಸ್ ಅಪ್‌ಡೇಟ್ ಆದಾಗ ಈ ಪ್ಯಾಚ್ ಮುರಿಯುತ್ತದೆ. ಮುರಿದಾಗ ಆಫೀಸಿನಿಂದ ಫೋನ್ ಬರುತ್ತದೆ. ಫೋನ್ ಬರಬಾರದು ಅಂತ ಕಂಪ್ಯೂಟರ್‌ನವರು ಅಪ್‌ಡೇಟನ್ನೇ ಬಂದ್ ಮಾಡುತ್ತಾರೆ. ಹೀಗೆ ವರ್ಷಗಟ್ಟಲೆ ತೇಪೆ ಕಾಣದ ಒಂದು ಪಿಸಿ ಇಂಟರ್ನೆಟ್‌ಗೆ ಮುಖ ಮಾಡಿ ನಿಂತಿರುತ್ತದೆ. ನಿಮ್ಮ ಪಿಸಿಯಲ್ಲಿ ಕೊನೆಯ ಅಪ್‌ಡೇಟ್ ಯಾವಾಗ ಆಗಿದೆ ನೋಡಿ. ಅದು ವಿಂಡೋಸ್ 10 ಆಗಿದ್ದರೆ, ಅದರ ಸಾಮಾನ್ಯ ಬೆಂಬಲ 14 ಅಕ್ಟೋಬರ್ 2025ಕ್ಕೆ ಮುಗಿದಿದೆ ಅನ್ನುವುದೂ ನೆನಪಿರಲಿ.

ನನ್ನ ಸಲಹೆ: ಪ್ರತಿಯೊಬ್ಬರೂ ಆಫೀಸಿನಲ್ಲಿ ತಾವು ಕೂರುವ ಪಿಸಿಗೇ ಮನೆಯಿಂದಲೂ ಹೋಗಲಿ. ಹೆಚ್ಚಿನ ಲೈಸೆನ್ಸ್ ಬೇಕಾಗಿಲ್ಲ, ಪ್ಯಾಚೂ ಬೇಕಾಗಿಲ್ಲ. ಟ್ಯಾಲಿಯ ಡೇಟಾ ಈಗಿರುವ ಪಿಸಿಯಲ್ಲೇ ಇರಲಿ. ಪಿಸಿಗಳು ವಿಂಡೋಸ್ ಪ್ರೊ ಆಗಿರಬೇಕು, ಹೋಮ್ ಆವೃತ್ತಿಗೆ ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಹೊರಗಿಂದ ಬರಲು ಆಗುವುದಿಲ್ಲ. ಕರೆಂಟ್ ಹೋಗಿ ಬಂದಾಗ ಪಿಸಿ ತಾನಾಗಿಯೇ ಆನ್ ಆಗುವ ಹಾಗೆ ಬಯೋಸ್‌ನಲ್ಲಿ (ವಿಂಡೋಸ್ ಶುರುವಾಗುವ ಮೊದಲು ತೆರೆಯುವ ಸೆಟ್ಟಿಂಗ್ಸ್) ಒಂದು ಸೆಟ್ಟಿಂಗ್ ಇರುತ್ತದೆ. ಮಳೆಗಾಲದ ಮೊದಲೇ ಹಾಕಿಸಿಕೊಳ್ಳಿ.

ಇನ್ನು ಸೇಠ್ ಕೇಳಿದ ವಿಪಿಎನ್. ಹೌದು, ಬೇಕು. ಆದರೆ ಯಾವುದು ಅನ್ನುವುದರಲ್ಲಿ ಗೊಂದಲ ಆಗುತ್ತದೆ. ಮೊಬೈಲ್‌ನಲ್ಲಿ ಜಾಹೀರಾತು ಬರುತ್ತದಲ್ಲ, ಬೇರೆ ದೇಶದಿಂದ ನೋಡುತ್ತಿರುವ ಹಾಗೆ ತೋರಿಸುವ ವಿಪಿಎನ್, ಅದು ನಿಮಗೆ ಏನೂ ಪ್ರಯೋಜನವಿಲ್ಲ. ಅದು ನಿಮ್ಮ ಟ್ರಾಫಿಕ್ಕನ್ನು ಇನ್ಯಾರದೋ ಕಂಪನಿಯ ಮೂಲಕ ಹಾಯಿಸುತ್ತದೆ, ಅಷ್ಟೇ. ನಿಮಗೆ ಬೇಕಾದದ್ದು ನಿಮ್ಮ ಆಫೀಸಿನ ನೆಟ್‌ವರ್ಕ್‌ಗೇ ಬಂದು ಸೇರುವ ವಿಪಿಎನ್. ನಿಮ್ಮ ಹೌಸಿಂಗ್ ಸೊಸೈಟಿಯಲ್ಲಿ ಹೊರಗಿನವರು ನೇರ ನಿಮ್ಮ ಫ್ಲ್ಯಾಟ್‌ನ ಬೆಲ್ ಒತ್ತಲು ಆಗುವುದಿಲ್ಲ. ಗೇಟ್‌ನಲ್ಲಿ ವಾಚ್‌ಮನ್ ನಿಲ್ಲಿಸಿ, ಹೆಸರು ಬರೆಸಿಕೊಂಡು, ಆಮೇಲೆ ಬಿಡುತ್ತಾನೆ. ವಿಪಿಎನ್ ಮಾಡುವುದು ಆ ಗೇಟಿನ ಕೆಲಸ. ರಿಮೋಟ್ ಡೆಸ್ಕ್‌ಟಾಪ್ ಅದರ ಒಳಗೆ ಉಳಿಯುತ್ತದೆ.

ಸಣ್ಣ ಆಫೀಸಿಗೆ ನಾನು ಹೇಳುವುದು ವೈರ್‌ಗಾರ್ಡ್. ಉಚಿತ, ಹಗುರ, ಮುಕ್ತ ತಂತ್ರಾಂಶ. 2020ರಲ್ಲಿ ಲಿನಕ್ಸ್‌ನ ಕರ್ನಲ್ (ಅದರ ತಿರುಳು) ಒಳಗೇ ಸೇರಿತು. ಇದರಲ್ಲಿ ನನಗೆ ತುಂಬ ಇಷ್ಟವಾದ ಗುಣ ಅಂದರೆ, ಸರಿಯಾದ ಕೀ (ಬೀಗದ ಕೈ ಥರದ ಗುಪ್ತ ಸಂಕೇತ) ಇಲ್ಲದವರು ತಟ್ಟಿದರೆ ಅದು ಉತ್ತರವನ್ನೇ ಕೊಡುವುದಿಲ್ಲ. ಹುಡುಕುವ ಪ್ರೋಗ್ರಾಮ್‌ಗಳಿಗೆ ಅಲ್ಲಿ ಏನೋ ಇದೆ ಅಂತಲೇ ಗೊತ್ತಾಗುವುದಿಲ್ಲ. ಪ್ರತಿ ಲ್ಯಾಪ್‌ಟಾಪ್‌ಗೂ ಬೇರೆ ಬೇರೆ ಕೀ. ಈಚಿನ ಕೆಲವು ರೌಟರ್‌ಗಳಲ್ಲಿ ಇದು ಒಳಗೇ ಬರುತ್ತದೆ. ರೌಟರ್‌ನಲ್ಲಿ ಪಿಪಿಟಿಪಿ ಅಂತ ಒಂದು ವಿಪಿಎನ್ ಆಯ್ಕೆ ಕಂಡರೆ ಅದನ್ನು ಮುಟ್ಟಬೇಡಿ. ಅದು ಹಳೆಯದು, ಅದರ ಪಾಸ್‌ವರ್ಡ್ ಪದ್ಧತಿ 2012ರಲ್ಲೇ ಪೂರ್ತಿ ಮುರಿದುಬಿದ್ದಿದೆ.

ಮುಂಬೈಯ ಎಷ್ಟೋ ಇಂಟರ್ನೆಟ್ ಕನೆಕ್ಷನ್‌ಗಳಲ್ಲಿ ಸ್ವಂತ ಐಪಿ ವಿಳಾಸ ಸಿಗುವುದಿಲ್ಲ, ಹಲವರಿಗೆ ಸೇರಿ ಒಂದು ಕೊಟ್ಟಿರುತ್ತಾರೆ. ನಿಮಗೆ ಪೋರ್ಟ್ ಓಪನ್ ಮಾಡಲು ಆಗಿದೆ ಅಂದರೆ ಪಬ್ಲಿಕ್ ಐಪಿ ತಗೊಂಡಿರುತ್ತೀರಿ. ಅದು ಇಲ್ಲದವರಿಗೆ, ಅಥವಾ ಇಷ್ಟೆಲ್ಲ ಸೆಟ್ಟಿಂಗ್ ಮಾಡುವವರು ಇಲ್ಲದ ಆಫೀಸಿಗೆ, ವೈರ್‌ಗಾರ್ಡ್ ಮೇಲೇ ಕಟ್ಟಿದ ಟೇಲ್‌ಸ್ಕೇಲ್‌ನಂಥ ಸೇವೆ ಸುಲಭ. ರೌಟರ್‌ನಲ್ಲಿ ಯಾವ ಪೋರ್ಟನ್ನೂ ತೆರೆಯಬೇಕಾಗಿಲ್ಲ. ಗೂಗಲ್ ಅಥವಾ ಮೈಕ್ರೋಸಾಫ್ಟ್ ಖಾತೆಯಿಂದಲೇ ಲಾಗಿನ್ ಆಗುತ್ತದೆ, ಹಾಗಾಗಿ ಆ ಖಾತೆಗೆ ಹಾಕಿದ ಎರಡನೇ ಹಂತದ ಪರಿಶೀಲನೆ ಇಲ್ಲೂ ನಡೆಯುತ್ತದೆ. ನಿಮ್ಮ ಪರಿಸ್ಥಿತಿಗೆ ನಾನಾದರೆ ಇದನ್ನೇ ಹಾಕುತ್ತೇನೆ.

ವಿಪಿಎನ್ ಒಳಗೆ ಬಂದವರಿಗೆ ಆಫೀಸಿನ ಎಲ್ಲವೂ ತೆರೆದಿರಬೇಕಾಗಿಲ್ಲ. ವಿಂಡೋಸ್ ಫೈರ್‌ವಾಲ್‌ನಲ್ಲಿ ರಿಮೋಟ್ ಡೆಸ್ಕ್‌ಟಾಪ್‌ನ ನಿಯಮ ತೆರೆದು, ‘ಸ್ಕೋಪ್’ ಅನ್ನುವ ಕಡೆ ವಿಪಿಎನ್‌ನ ವಿಳಾಸಗಳನ್ನು ಮಾತ್ರ ಹಾಕಿಸಿ. ನಿಮಗೆ ನಿಮ್ಮ ಪಿಸಿ, ಅದರ ಮೂಲಕ ಟ್ಯಾಲಿ, ಅಷ್ಟು ಸಾಕು ಅಲ್ವಾ? ನಿಮ್ಮ ವ್ಯವಹಾರದಲ್ಲಿರುವವರಿಗೆ ಜೂನ್ 2017 ನೆನಪಿರಬೇಕು. ನಾಟ್‌ಪೆಟ್ಯಾ ಅನ್ನುವ ಮಾಲ್‌ವೇರ್‌ನಿಂದ (ಹಾನಿ ಮಾಡುವ ಪ್ರೋಗ್ರಾಮ್) ನಾವಾ ಶೇವಾ ಬಂದರಿನಲ್ಲಿ ಹಡಗು ಕಂಪನಿ ಮಾರ್ಸ್ಕ್ ಸಮೂಹ ನಡೆಸುತ್ತಿದ್ದ ಟರ್ಮಿನಲ್‌ನ ಕೆಲಸ ನಿಂತು ಕಂಟೇನರ್‌ಗಳು ಸಾಲುಗಟ್ಟಿದವು. ಅದು ಹರಡಲು ಶುರುವಾದದ್ದು ಯುಕ್ರೇನ್‌ನಲ್ಲಿ ಬಳಸುವ ಒಂದು ಅಕೌಂಟಿಂಗ್ ಸಾಫ್ಟ್‌ವೇರ್‌ನ ಅಪ್‌ಡೇಟ್‌ನಿಂದ. ಎಲ್ಲಿಯ ಯುಕ್ರೇನ್, ಎಲ್ಲಿಯ ನಾವಾ ಶೇವಾ! ಒಳಗೆ ಎಲ್ಲ ಕಂಪ್ಯೂಟರ್‌ಗಳೂ ಒಂದಕ್ಕೊಂದು ತೆರೆದುಕೊಂಡಿದ್ದಕ್ಕೆ ಅಷ್ಟು ದೂರ ಹರಡಿತು. ಮಾರ್ಸ್ಕ್ ನಂತರ ಹೇಳಿದ ಪ್ರಕಾರ 45,000 ಪಿಸಿಗಳನ್ನು ಹೊಸದಾಗಿ ಸಿದ್ಧ ಮಾಡಬೇಕಾಯಿತು.

ಎರಡನೇ ಹಂತದ ಪರಿಶೀಲನೆ ಅಂದರೆ ಪಾಸ್‌ವರ್ಡ್ ಆದ ಮೇಲೆ ಮೊಬೈಲ್‌ನಲ್ಲಿ ಇನ್ನೊಂದು ಗುರುತು ಕೇಳುವುದು. ಎಸ್‌ಎಂಎಸ್ ಒಟಿಪಿಗಿಂತ ಅಥೆಂಟಿಕೇಟರ್ ಆ್ಯಪ್ ಒಳ್ಳೆಯದು. ಸಿಮ್ ಬದಲಾಯಿಸುವ ಮೋಸಕ್ಕೆ ಅದು ಸಿಗುವುದಿಲ್ಲ, ನೆಟ್‌ವರ್ಕ್ ಇಲ್ಲದಿದ್ದರೂ ನಡೆಯುತ್ತದೆ, 30 ಸೆಕೆಂಡಿಗೊಮ್ಮೆ ಆರಂಕಿಯ ನಂಬರ್ ಬದಲಾಗುತ್ತದೆ. ‘ಹೌದು’ ಅಂತ ಒತ್ತಿದರೆ ಸಾಕು ಅನ್ನುವ ನೋಟಿಫಿಕೇಶನ್ ಮಾದರಿ ಇದ್ದರೆ ಎಲ್ಲರಿಗೂ ಒಂದು ಮಾತು ಹೇಳಿಡಿ: ನೀವು ಲಾಗಿನ್ ಮಾಡದೆ ಅದು ಬಂದರೆ ಒತ್ತಬೇಡಿ, ತಕ್ಷಣ ಫೋನ್ ಮಾಡಿ. ಸೆಪ್ಟೆಂಬರ್ 2022ರಲ್ಲಿ ಊಬರ್ ಕಂಪನಿಯೊಳಗೆ ನುಗ್ಗಿದವರು ಮಾಡಿದ್ದು ಇದನ್ನೇ. ಗುತ್ತಿಗೆ ನೌಕರನೊಬ್ಬನ ಪಾಸ್‌ವರ್ಡ್ ಅವರಿಗೆ ಮೊದಲೇ ಸಿಕ್ಕಿತ್ತು. ಆತನ ಮೊಬೈಲ್‌ಗೆ ಮೇಲಿಂದ ಮೇಲೆ ವಿನಂತಿ ಬಂದು, ಕೊನೆಗೆ ಆತ ಒಂದನ್ನು ಒಪ್ಪಿಬಿಟ್ಟ.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ವಿಷಯ. ಎಲ್ಲರಿಗೂ ಒಂದೇ ಯೂಸರ್‌ನೇಮ್ ಇರುವ ಆಫೀಸಿನಲ್ಲಿ ಮೇಲೆ ಹೇಳಿದ ಯಾವ ಉಪಾಯವೂ ಪೂರ್ತಿ ಕೆಲಸ ಮಾಡುವುದಿಲ್ಲ. ಲಾಗ್‌ನಲ್ಲಿ ರಾತ್ರಿ ಹನ್ನೊಂದಕ್ಕೆ ಯಾರೋ ಬಂದದ್ದು ಕಂಡರೆ ಅದು ಯಾರು ಅಂತ ಹೇಗೆ ಹೇಳುತ್ತೀರಿ? ಒಬ್ಬರು ಕೆಲಸ ಬಿಟ್ಟು ಹೋದರೆ ಪಾಸ್‌ವರ್ಡ್ ಬದಲಾಯಿಸಿ ಉಳಿದ ಎಲ್ಲರಿಗೂ ಮತ್ತೆ ಹೇಳಬೇಕು. ಅದು ಬೇಜಾರಿನ ಕೆಲಸ, ಹಾಗಾಗಿ ಯಾರೂ ಮಾಡುವುದಿಲ್ಲ. ಹೋದವರ ಕೈಯಲ್ಲಿ ನಿಮ್ಮ ಆಫೀಸು ಉಳಿದುಬಿಡುತ್ತದೆ. ಅವರು ಒಳ್ಳೆಯವರೇ ಇರಬಹುದು. ಅವರ ಕಂಪ್ಯೂಟರ್‌ನಲ್ಲಿ ಉಳಿಸಿಟ್ಟ ಪಾಸ್‌ವರ್ಡ್ ಯಾರಿಗೆ ಸಿಗುತ್ತದೆ ಅಂತ ಅವರಿಗೇ ಗೊತ್ತಿರುವುದಿಲ್ಲ. ಮೇ 2021ರಲ್ಲಿ ಅಮೆರಿಕದ ಕಲೋನಿಯಲ್ ಪೈಪ್‌ಲೈನ್ ನಿಂತು ಪೆಟ್ರೋಲ್‌ಗೆ ಕ್ಯೂ ಹತ್ತಿತಲ್ಲ, ದಾಳಿ ಮಾಡಿದವರು ಒಳಗೆ ಬಂದದ್ದು ಯಾರೂ ಬಳಸದ ಒಂದು ಹಳೆಯ ವಿಪಿಎನ್ ಖಾತೆಯಿಂದ. ಅದಕ್ಕೆ ಎರಡನೇ ಹಂತದ ಪರಿಶೀಲನೆ ಇರಲಿಲ್ಲ. ವಿಪಿಎನ್ ಇದ್ದೂ ಹಾಗಾಯಿತು ನೋಡಿ.

ಹಾಗಾಗಿ ಒಬ್ಬೊಬ್ಬರಿಗೂ ಅವರವರ ಹೆಸರಿನ ಖಾತೆ. ದಿನನಿತ್ಯದ ಖಾತೆಗೆ ಅಡ್ಮಿನ್ ಅಧಿಕಾರ ಬೇಡ, ಸೇಠ್‌ಗೂ ಬೇಡ. ಯಾರ ಬಳಿ ಏನಿದೆ ಅಂತ ಒಂದು ಪಟ್ಟಿ ಬರೆದು ನೀವೇ ಇಟ್ಟುಕೊಳ್ಳಿ. ಕೆಲಸ ಬಿಡುವವರ ಲೆಕ್ಕ ಚುಕ್ತಾ ಮಾಡುವ ದಿನವೇ ಅವರ ವಿಪಿಎನ್ ಕೀ, ವಿಂಡೋಸ್ ಖಾತೆ, ಎನಿಡೆಸ್ಕ್, ಮೇಲ್ ನಾಲ್ಕೂ ಬಂದ್ ಆಗಲಿ. ಆ ಪಟ್ಟಿಯಲ್ಲಿ ಕಂಪ್ಯೂಟರ್‌ನವರ ಹೆಸರೂ ಇರಬೇಕು. ಅವರಿಗೆ ಬೇಕಾದಾಗ ತೆರೆದು ಕೆಲಸ ಮುಗಿದ ಮೇಲೆ ಮುಚ್ಚಿ. ಇದರಲ್ಲಿ ಅವಮಾನವೇನೂ ಇಲ್ಲ, ಒಳ್ಳೆಯ ಕೆಲಸಗಾರರು ತಾವೇ ಹಾಗೆ ಕೇಳುತ್ತಾರೆ. ಪಾಸ್‌ವರ್ಡ್‌ಗೆ, ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಸೇರಿಸಿ ಬರೆಯಿರಿ. ಹುರುಳಿ, ಕೊಡೆ, ಮೂಗುತಿ, ಪಾಟಿಕಲ್ಲು ಹೀಗೆ. ಇದನ್ನೇ ಹಾಕಬೇಡಿ, ನಿಮ್ಮದೇ ಆರಿಸಿಕೊಳ್ಳಿ. ಉದ್ದ ಇರುತ್ತದೆ, ನೆನಪಿರುತ್ತದೆ.

ಎನಿಡೆಸ್ಕ್ ಯಾಕೆ ಬೇಕಾಯಿತು ಅಂತ ನನಗೆ ಗೊತ್ತು. ಆಫೀಸ್ ಪಿಸಿಗೆ ಚುಚ್ಚಿದ ಡಿಎಸ್‌ಸಿ ಟೋಕನ್ (ಡಿಜಿಟಲ್ ಸಹಿ ಇರುವ, ಪೆನ್ ಡ್ರೈವ್‌ನಂಥದ್ದು) ರಿಮೋಟ್ ಡೆಸ್ಕ್‌ಟಾಪ್ ಒಳಗಿಂದ ಕಾಣಿಸುವುದಿಲ್ಲ. ವಿಂಡೋಸ್ ಇರುವುದೇ ಹಾಗೆ. ರಿಮೋಟ್ ಸೆಷನ್‌ನಲ್ಲಿ ಅದು ನೀವು ಕೂತಿರುವ ಕಡೆಯ ಟೋಕನ್ ಹುಡುಕುತ್ತದೆ. ಎನಿಡೆಸ್ಕ್ ಆ ಪಿಸಿಯ ಪರದೆಯನ್ನೇ ತೋರಿಸುವುದರಿಂದ ಅದರಲ್ಲಿ ಟೋಕನ್ ಸಿಗುತ್ತದೆ. ಹಾಗಾಗಿ ಟೋಕನ್ ಹಗಲೂ ರಾತ್ರಿ ಪಿಸಿಯಲ್ಲೇ, ಪಿನ್ ಎಲ್ಲರಿಗೂ ಗೊತ್ತು, ಎನಿಡೆಸ್ಕ್‌ಗೆ ಒಂದು ಕಾಯಂ ಪಾಸ್‌ವರ್ಡ್. ನಿಮ್ಮ ಆಫೀಸಿನಲ್ಲಿ ನನಗೆ ಅತಿ ಹೆಚ್ಚು ಭಯ ಹುಟ್ಟಿಸುವುದು ಇದೇ. ಟ್ಯಾಲಿ ಡೇಟಾ ಹೋದರೆ ಬ್ಯಾಕಪ್‌ನಿಂದ ತರಬಹುದು. ಸೇಠ್ ಅವರ ಡಿಜಿಟಲ್ ಸಹಿ ಹಾಕಿ ಬೇರೆ ಯಾರೋ ಬಿಲ್ ಆಫ್ ಎಂಟ್ರಿ (ಆಮದು ಸರಕಿನ ಘೋಷಣೆ) ಸಲ್ಲಿಸಿದರೆ ಕಸ್ಟಮ್ಸ್ ಮುಂದೆ ಉತ್ತರ ಕೊಡಬೇಕಾದವರು ಸೇಠ್. 2000ನೇ ಇಸವಿಯ ಐಟಿ ಕಾಯ್ದೆಯಲ್ಲಿ ಆ ಸಹಿಗೆ ಕೈಬರಹದ ಸಹಿಯಷ್ಟೇ ಮಾನ್ಯತೆ ಇದೆ.

ಟೋಕನ್ ಯಾರ ಹೆಸರಿನದೋ ಅವರ ಹತ್ತಿರವೇ ಇರಲಿ. ಅವರು ಮನೆಯಲ್ಲಿದ್ದರೆ ತಮ್ಮ ಲ್ಯಾಪ್‌ಟಾಪ್‌ಗೆ ಚುಚ್ಚಿ, ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ‘ಸ್ಮಾರ್ಟ್ ಕಾರ್ಡ್’ ಆಯ್ಕೆ ಟಿಕ್ ಮಾಡಿದರೆ ಸಾಮಾನ್ಯವಾಗಿ ಆಫೀಸ್ ಪಿಸಿಗೆ ಅದು ಸಿಗುತ್ತದೆ. ಮೇಲೆ ಹೇಳಿದ್ದೇ ಕಾರಣ. ಟೋಕನ್‌ನ ಡ್ರೈವರ್ ಎರಡೂ ಕಡೆ ಇರಬೇಕು. ಆಗ ಎನಿಡೆಸ್ಕ್‌ನ ಅಗತ್ಯವೇ ಹೋಗುತ್ತದೆ. ಇಟ್ಟುಕೊಳ್ಳಲೇಬೇಕು ಅಂದರೆ ಕಾಯಂ ಪಾಸ್‌ವರ್ಡ್ ತೆಗೆಯಿರಿ, ಇಲ್ಲವೇ ಅದಕ್ಕೂ ಎರಡನೇ ಹಂತ ಹಾಕಿ, ಯಾವ ಯಾವ ಐಡಿಗಳು ಬರಬಹುದು ಅಂತ ಪಟ್ಟಿ ಕೊಡಿ. ಎರಡಕ್ಕೂ ಅದರಲ್ಲಿ ಸೌಲಭ್ಯ ಇದೆ. ಫೆಬ್ರವರಿ 2024ರಲ್ಲಿ ಎನಿಡೆಸ್ಕ್ ಕಂಪನಿಯ ಸರ್ವರ್‌ಗಳಿಗೇ ದಾಳಿಕೋರರು ನುಗ್ಗಿದ್ದು ಹೊರಬಿತ್ತು, ಗ್ರಾಹಕರ ಪೋರ್ಟಲ್ ಪಾಸ್‌ವರ್ಡ್‌ಗಳನ್ನು ಅವರೇ ರದ್ದು ಮಾಡಿದರು. ನಿಮ್ಮಲ್ಲಿ ಹಳೆಯ ಆವೃತ್ತಿ ಇದ್ದರೆ ಮೊದಲು ಅದನ್ನು ತೆಗೆಯಿರಿ.

ಮನೆಯ ಕಡೆಯದು ಸ್ವಲ್ಪ. ಮಕ್ಕಳು ಗೇಮ್ ಆಡುವ, ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್ ಹಾಕಿರುವ ಲ್ಯಾಪ್‌ಟಾಪ್‌ನಿಂದ ಆಫೀಸಿಗೆ ಹೋಗಬೇಡಿ. ಬ್ರೌಸರ್‌ನಲ್ಲಿ ಉಳಿಸಿದ ಪಾಸ್‌ವರ್ಡ್‌ಗಳನ್ನು ಕದ್ದು ಕಳಿಸುವ ಮಾಲ್‌ವೇರ್ ಬರುವುದು ಹೆಚ್ಚಾಗಿ ಅಂಥ ಕ್ರ್ಯಾಕ್‌ಗಳ ಜೊತೆಗೇ. ಆಫೀಸಿನಿಂದ ಒಂದು ಹಳೆಯ ಲ್ಯಾಪ್‌ಟಾಪ್ ಕೊಟ್ಟರೂ ಸಾಕು, ವಿಂಡೋಸ್ ಮಾತ್ರ ಹೊಸದಾಗಿ ಹಾಕಿರಬೇಕು. ಬೇರೆ ದಾರಿ ಇಲ್ಲದಿದ್ದರೆ ಅದೇ ಲ್ಯಾಪ್‌ಟಾಪ್‌ನಲ್ಲಿ ನಿಮಗೊಂದು ಪ್ರತ್ಯೇಕ ಖಾತೆ ಮಾಡಿಕೊಳ್ಳಿ, ಉಳಿದವರ ಖಾತೆಗೆ ಅಡ್ಮಿನ್ ಅಧಿಕಾರ ತೆಗೆಯಿರಿ. ರಿಮೋಟ್ ಡೆಸ್ಕ್‌ಟಾಪ್‌ನ ‘ಲೋಕಲ್ ರಿಸೋರ್ಸಸ್’ನಲ್ಲಿ ಡ್ರೈವ್ಸ್ ಟಿಕ್ ಇದ್ದರೆ ತೆಗೆದುಬಿಡಿ. ಅದಿದ್ದರೆ ಒಂದು ಕಡೆಯ ರಾನ್ಸಮ್‌ವೇರ್ (ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವ ಮಾಲ್‌ವೇರ್) ಇನ್ನೊಂದು ಕಡೆಯ ಫೈಲ್‌ಗಳನ್ನೂ ಹಿಡಿಯಬಹುದು.

ರೌಟರ್ ಪುಟ ತೆರೆದಾಗ ಸಿಸಿಟಿವಿಯ ಡಿವಿಆರ್‌ಗೂ (ವಿಡಿಯೋ ದಾಖಲಿಸುವ ಪೆಟ್ಟಿಗೆ) ಪೋರ್ಟ್ ತೆರೆದಿದೆಯಾ ನೋಡಿಸಿ. ಸೇಠ್ ಮೊಬೈಲ್‌ನಲ್ಲಿ ಆಫೀಸಿನ ಕ್ಯಾಮೆರಾ ನೋಡುತ್ತಿದ್ದರೆ ತೆರೆದಿರುವ ಸಾಧ್ಯತೆ ಇದೆ. ಅದನ್ನೂ ವಿಪಿಎನ್ ಮೂಲಕವೇ ನೋಡಲಿ. ರೌಟರ್‌ನ ಅಡ್ಮಿನ್ ಪಾಸ್‌ವರ್ಡ್ ಕಂಪನಿಯಿಂದ ಬಂದದ್ದೇ ಇದ್ದರೆ ಬದಲಾಯಿಸಿ.

ಮನೆಯಿಂದ ಕೆಲಸವನ್ನೇ ಬಂದ್ ಮಾಡುವುದಕ್ಕೆ ನನ್ನ ಒಪ್ಪಿಗೆ ಇಲ್ಲ. 26 ಜುಲೈ 2005ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿದ್ದಾಗ ಆಫೀಸಿನಲ್ಲೇ, ರಸ್ತೆಯಲ್ಲೇ ರಾತ್ರಿ ಕಳೆದವರು ನಮ್ಮ ಜನರಲ್ಲೂ ಎಷ್ಟೋ ಮಂದಿ. ಡೊಂಬಿವಲಿಯಿಂದ ದಿನಾ ಲೋಕಲ್‌ನಲ್ಲಿ ಬರುವವರಿಗೆ, ಕುರ್ಲಾ ಸಯನ್ ನಡುವೆ ನೀರು ನಿಂತ ದಿನ ಮನೆಯಲ್ಲಿರುವ ದಾರಿ ಬೇಕೇ ಬೇಕು. ಬಂದ್ ಮಾಡಿದರೆ ಏನಾಗುತ್ತದೆ ಅಂದರೆ, ತುರ್ತು ಬಿದ್ದ ದಿನ ಯಾರೋ ಒಬ್ಬರು ಹೇಳದೆ ಕೇಳದೆ ತಮಗೆ ಗೊತ್ತಿರುವ ಒಂದು ಆ್ಯಪ್ ಹಾಕಿಕೊಳ್ಳುತ್ತಾರೆ. ಅದು ಯಾರ ಪಟ್ಟಿಯಲ್ಲೂ ಇರುವುದಿಲ್ಲ. ಆದರೆ ಹನ್ನೆರಡು ಜನರಿಗೂ ಬೇಕಾ ಅಂತ ಕೇಳಿಕೊಳ್ಳಿ. ಮೇಲ್ ಮಾತ್ರ ನೋಡುವವರಿಗೆ ಬ್ರೌಸರ್ ಸಾಕು. ಟ್ಯಾಲಿ ಮತ್ತು ಕಸ್ಟಮ್ಸ್ ಫೈಲಿಂಗ್ ಮಾಡುವ ನಾಲ್ಕೈದು ಜನರಿಗೆ ಕೊಟ್ಟರೆ ನೋಡಿಕೊಳ್ಳುವುದೂ ಸುಲಭ.

ಕೊನೆಯದು ಬ್ಯಾಕಪ್. ಇಷ್ಟೆಲ್ಲ ಮಾಡಿದ ಮೇಲೂ ಇದು ಬೇಕು. ಟ್ಯಾಲಿಯ ಬ್ಯಾಕಪ್ ಅದೇ ಪಿಸಿಯ ಡಿ ಡ್ರೈವ್‌ನಲ್ಲೋ, ಯಾವಾಗಲೂ ಚುಚ್ಚಿಕೊಂಡೇ ಇರುವ ಪೆನ್ ಡ್ರೈವ್‌ನಲ್ಲೋ ಇದ್ದರೆ ರಾನ್ಸಮ್‌ವೇರ್ ಅದನ್ನೂ ಬಿಡುವುದಿಲ್ಲ. ಎರಡು ಎಕ್ಸ್‌ಟರ್ನಲ್ ಡಿಸ್ಕ್ ತಗೊಳ್ಳಿ. ಒಂದು ವಾರ ಒಂದು, ಮುಂದಿನ ವಾರ ಇನ್ನೊಂದು. ಬ್ಯಾಕಪ್ ಆದ ತಕ್ಷಣ ಕಿತ್ತು, ಒಂದನ್ನು ಆಫೀಸಿನ ಹೊರಗೆ ಇಡಿ. ತಿಂಗಳಿಗೊಮ್ಮೆ ಬೇರೆ ಪಿಸಿಯಲ್ಲಿ ಅದನ್ನು ರಿಸ್ಟೋರ್ ಮಾಡಿ, ಹಿಂದಿನ ತಿಂಗಳ ಯಾವುದಾದರೂ ಒಂದು ವೋಚರ್ ತೆರೆದು ನೋಡಿ. ಅದು ತೆರೆಯದಿದ್ದರೆ ನಿಮ್ಮ ಹತ್ತಿರ ಬ್ಯಾಕಪ್ ಇಲ್ಲ ಅಂತಲೇ ಲೆಕ್ಕ, ಅವತ್ತೇ ಹೊಸದಾಗಿ ತೆಗೆಯಿರಿ.